ಶುಕ್ರನಿಗಾಗಿ ಕಾಯುವ ನಗಾರಿಯವನು

ನರಗುಂದದ ಗುಡ್ಡದ ಮೂಡಣ ಬುರುಜಿನ ಮೇಲೆ ಕಾಶೀಂಸಾಬ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾನೆ. ಪಿಂಗಳ ಸಂವತ್ಸರದ ವೈಶಾಖ, ಶುಕ್ರವಾರದ ನಸುಕು. ಕೋಟೆಯ ನಗಾರಿ ಬಾರಿಸಿಯಾಗಿದೆ, ರಂಜಾನಿನ ಉಪವಾಸ ಹಿಡಿದಿದ್ದಾನೆ. ಪಕ್ಕದಲ್ಲಿ ಏದುಸಿರು ಬಿಡುತ್ತಿರುವವರು ಕಾಳಿನ ವ್ಯಾಪಾರಿ ಮಹಾಲಿಂಗಪ್ಪನವರು.

“ಕಂಡಾನೇನೋ?”

“ಇಲ್ರಿ ಸಾಹುಕಾರ್ರ.”

“ಚಂದಾಗಿ ನೋಡೋ ಮಾರಾಯಾ!”

“ನೀವು ಬಾಜೂಕ ನಿಂತು ಹಿಂಗ ಉಸುರು ಬಿಟ್ರ ಅವ ಅಂಜಿ ಮತ್ತ ಒಳಗ ಹೋದಾನ್ರಿ.”

ಸೋಮವಾರ ಮಹಾಲಿಂಗಪ್ಪನವರ ಮಗಳ ಮದುವೆ. ಶುಕ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುವಾಗ ಇಲ್ಲಿ ಯಾರೂ ಲಗ್ನ ಮಾಡುವುದಿಲ್ಲ. ಮೂಡಿದ ಮೇಲೂ ಮೂರು ದಿನ ಅವನು ಹಸುಗೂಸು, ಅಷ್ಟು ದಿನ ತಡೆಯಬೇಕು. ನಿನ್ನೆಯೇ ಮೂಡುತ್ತಾನೆಂದು ಪಂಚಾಂಗ ಹೇಳಿತ್ತು, ಮೂಡಲಿಲ್ಲ. ಇವತ್ತೂ ಕಾಣದಿದ್ದರೆ ಮದುವೆ ನಿಂತಂತೆಯೇ. ಮುಂದಿನ ಮುಹೂರ್ತ ದೀಪಾವಳಿಯ ಆಚೆಗೆ.

ಲೆಕ್ಕ ಹಾಕುವವರು ಪೇಟೆಯ ಜೋಯಿಸರು. ಅವರ ಕಣ್ಣಿಗೆ ಪೊರೆ ಬಂದಿದೆ, ಗುಡ್ಡ ಹತ್ತಲಾರರು. ಇಪ್ಪತ್ತು ವರ್ಷಗಳಿಂದ ಆ ಲೆಕ್ಕವನ್ನು ಆಕಾಶದೊಡನೆ ತಾಳೆ ನೋಡುತ್ತಿರುವವನು ಕಾಶೀಂಸಾಬ. ಸುತ್ತಲಿನ ಊರುಗಳಿಗೆ ಗೊತ್ತಿರುವುದು ಜೋಯಿಸರ ಹೆಸರು ಮಾತ್ರ.

“ಗುರು ವರ್ಷಕ್ಕೊಂದು ರಾಶಿ ದಾಟ್ತಾನ್ರಿ. ಶನಿ ಭಾಳ ಸಾವಕಾಶ. ನಾ ನಗಾರಿ ಚಾಕರಿಗಿ ಸೇರಿದಾಗ ಮಿಥುನದಾಗ ಇದ್ದ, ಮೂವತ್ತು ವರ್ಷಕ್ಕ ಈಗ ಮತ್ತ ಅಲ್ಲಿಗೇ ಬಂದಾನ. ಶುಕ್ರ ಹಂಗಲ್ಲ. ಗೂಟಕ್ಕ ಕಟ್ಟಿದ ಕರುವಿನಂಗ ಸೂರ್ಯನ್ನ ಬಿಟ್ಟು ದೂರ ಹೋಗಂಗಿಲ್ಲ” ಎನ್ನುತ್ತಾನೆ.

ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಇಳಿಯುವ ಅವನ ಮೊಣಕಾಲುಗಳು ಈಗ ಬಾತಿವೆ. ಮೋಡವಿದ್ದರೂ ಒಂದು ಬೆಳಗೂ ತಪ್ಪಿಸುವುದಿಲ್ಲ. ಕಾರಣ ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ.

“ಜೋಯಿಸರ ಸಲುವಾಗಿ ನೋಡಾಕ ಹತ್ತಿದ ಮೊದಲನೇ ವರ್ಷ ಬುಧನ್ನ ನೋಡಿ ಶುಕ್ರ ಬಂದ ಅಂತ ಹೇಳಿಬಿಟ್ಟೆ. ಕೊಣ್ಣೂರಾಗ ಒಂದು ಲಗ್ನ ಆಗೇ ಹೋತು. ಆ ಜೋಡಿ ಚಲೋನ ಐತ್ರಿ, ಐದು ಮಕ್ಕಳು. ಆದ್ರೂ ಆ ಊರಿಗಿ ಕಾಲಿಡಾಕ ನನಗ ಇನ್ನೂ ನಾಚಿಕಿ.”

ಮೂಡಣದಲ್ಲಿ ಕೆಂಪು ಏರುತ್ತಿದೆ. ಮಹಾಲಿಂಗಪ್ಪನವರು ದನಿ ತಗ್ಗಿಸುತ್ತಾರೆ. “ಕಂಡಂಗಾತು ಅಂದುಬಿಡೋ. ಬ್ಯಾರೆ ಯಾರು ನೋಡ್ಯಾರ?”

ಕಾಶೀಂಸಾಬ ಸೂರ್ಯನ ಅಂಚು ಕಾಣುವವರೆಗೂ ಕಣ್ಣು ಕೀಳದೆ ನಿಂತಿದ್ದು, ಆಮೇಲೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾನೆ. ಸಾಹುಕಾರರು ಗುಡ್ಡ ಇಳಿಯುತ್ತಾರೆ. ಮಧ್ಯಾಹ್ನ ಅವರ ಮನೆಯ ಮುಂದಿನ ಹಂದರದ ಗಳಗಳನ್ನು ಆಳುಗಳು ಬಿಚ್ಚುತ್ತಿದ್ದಾರೆ.

ಶನಿವಾರ ನಸುಕಿನಲ್ಲಿ, ನೆಲಕ್ಕೆ ಅಂಟಿಕೊಂಡಂತೆ, ಸಾಸಿವೆ ಕಾಳಿನಷ್ಟು ಬೆಳಕು. ಕಾಶೀಂಸಾಬ ಕುಂಟುತ್ತಲೇ ಇಳಿದು ಜೋಯಿಸರಿಗೆ ಸುದ್ದಿ ಮುಟ್ಟಿಸುತ್ತಾನೆ. ವಾಪಸು ಬರುವಾಗ ಪೇಟೆಯಲ್ಲಿ ಮಹಾಲಿಂಗಪ್ಪನವರು ಎದುರಾಗುತ್ತಾರೆ.

“ಒಂದ ದಿನ ಅಲ್ಲೋ ಕಾಶೀಮಾ! ನಿನ್ನಿ ಹೌದಂದಿದ್ರ ನಿನ್ನ ಗಂಟೇನು ಹೋಗ್ತಿತ್ತು? ಯಾರಿಗೂ ತಿಳೀತಿರಲಿಲ್ಲ.”

ಕಾಶೀಂಸಾಬ ತಲೆಯ ರುಮಾಲು ಸರಿಮಾಡಿಕೊಳ್ಳುತ್ತಾನೆ.

“ಯಾರಿಗೂ ಅಂದ್ರ ಹ್ಯಾಂಗ್ರಿ ಸಾಹುಕಾರ್ರ? ನಾ ನೋಡಾಕತ್ತಿದ್ದೆನಲ್ರಿ.”