ರಟ್ಟಿನೊಳಗಿನ ಕಾಗದ

ನನ್ನ ಪ್ರೆಸ್ಸಿಗೂ ಗೋಂದಣ್ಣನ ಬೈಂಡಿಂಗ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಆದ್ದರಿಂದ ಮುಂದೆ ಹೇಳುವುದನ್ನು ಕದ್ದು ಕೇಳಿದ್ದು ಅನ್ನಬೇಡಿ. ಅಲ್ಲಿ ಕೆಮ್ಮಿದರೆ ಇಲ್ಲಿ ನನಗೆ ನೆಗಡಿ ಬರುತ್ತದೆ. ಗೋಂದಣ್ಣ ಎಂಬ ಹೆಸರಿಟ್ಟವನೂ ನಾನೇ. ಮೂವತ್ತು ವರ್ಷದಲ್ಲಿ ಅವನ ಬೆರಳ ಸಂದಿಯಲ್ಲಿ ಒಣಗಿದ ಅಂಟು ಇಲ್ಲದ ದಿನವನ್ನು ನಾನು ನೋಡಿಲ್ಲ.

ಅವನು ಒಂದು ಸಣ್ಣ ಧರ್ಮಪಂಥದ ಸಭೆಗೆ ಸೇರಿದವನು. ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ ತಪ್ಪಿಸಿದವನಲ್ಲ. ಆ ಸಭೆಯ ಬೋಧನೆ, ಹಾಡು ಎಲ್ಲ ಒಂದು ದಪ್ಪ ಪುಸ್ತಕದಲ್ಲಿದೆ. ಅಲ್ಲಿನ ಹಿರಿಯರಿಗೆ ಆಗಾಗ ‘ಹೆಚ್ಚಿನ ತಿಳಿವು’ ಬರುತ್ತದೆ. ಬಂದಾಗ ಪುಸ್ತಕದ ಒಂದು ಪ್ಯಾರಾ ಸುಳ್ಳಾಗುತ್ತದೆ. ಹೊಸ ಪ್ಯಾರಾವನ್ನು ಚೀಟಿಗಳಾಗಿ ನನ್ನಲ್ಲಿ ಅಚ್ಚು ಹಾಕಿಸುತ್ತಾರೆ, ಎಲ್ಲರ ಪುಸ್ತಕಗಳನ್ನೂ ಗೋಂದಣ್ಣನ ಅಂಗಡಿಗೆ ತಂದು ಸುರಿಯುತ್ತಾರೆ. ಹಳೆಯದರ ಮೇಲೆ ಹೊಸದನ್ನು ಅಂಟಿಸುವುದು ಅವನ ಕೆಲಸ. ಲೋಕ ಮುಗಿಯುವ ವರ್ಷ ಹೀಗೆ ಮೂರು ಸಲ ಮುಂದೆ ಹೋಯಿತು. ಗಡ್ಡ ಬಿಡುವುದು ಪಾಪವಾಗಿತ್ತು, ಒಂದು ಚೀಟಿ ಬಿದ್ದ ಮೇಲೆ ಪಾಪವಲ್ಲ ಎಂದಾಯಿತು. ಮರುವಾರವೇ ಹಿರಿಯರೊಬ್ಬರು ಗಡ್ಡ ಬಿಟ್ಟರು.

ಮೂರನೆಯ ಸಲ ವರ್ಷ ಬದಲಾದಾಗ ಗೋಂದಣ್ಣ ಚೀಟಿಯ ಕಟ್ಟು ಹಿಡಿದು ನನ್ನ ಬಾಗಿಲಲ್ಲಿ ನಿಂತ.

“ಪ್ರೆಸ್ಸಣ್ಣ, ಯಾರಿಗೂ ಹೇಳ್ಬೇಡ. ನಂಗೆ ಇದೆಲ್ಲ ನಂಬೋಕೆ ಆಗ್ತಿಲ್ಲ.”

“ಮತ್ಯಾಕಪ್ಪಾ ಹೋಗ್ತೀಯ?”

“ಬಿಟ್ಟವರ ಹತ್ರ ಸಭೆಯವರು ಮಾತಾಡಲ್ಲ. ಅಣ್ಣ ತಮ್ಮ ಆದ್ರೂ ಅಷ್ಟೇ. ನನ್ನ ಹೆಂಡ್ತಿ ಅಂತೂ ಅದ್ರಲ್ಲೇ ಉಸಿರಾಡ್ತಾಳೆ.”

ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಗ ಅವನ ಮಗಳಿಗೆ ಹದಿನೈದು ವರ್ಷ. ಈ ಲೆಕ್ಕವನ್ನು ನೆನಪಿಡಿ. ಗೋಂದಣ್ಣನ ನಂಬಿಕೆ ಹೋದದ್ದು ಮಗಳು ಹದಿನೈದರಲ್ಲಿದ್ದಾಗ.

ಆ ಹುಡುಗಿಗೆ ರಸಾಯನಶಾಸ್ತ್ರದ ಹುಚ್ಚು. ಅಪ್ಪನ ಅಂಟಿಗೆ ಹುಳು ಬೀಳದಂತೆ ಮೈಲುತುತ್ತ ಬೆರೆಸುವಾಗಲೂ ಹನಿ ಹನಿಯಾಗಿ ಅಳೆದು ಬೆರೆಸುತ್ತಿದ್ದಳು. ಆದರೆ ಪುಸ್ತಕದಲ್ಲಿ ಬರೆದಿತ್ತು: ಅಂತ್ಯ ಹತ್ತಿರವಿದೆ, ಕಾಲೇಜಿನ ಓದು ದೇವರಿಗೆ ಬೆನ್ನು ತಿರುಗಿಸಿದ ಹಾಗೆ. ಹದಿನೆಂಟಾದಾಗ ಅವಳ ಟೀಚರು ಗುಟ್ಟಾಗಿ ಅರ್ಜಿ ಹಾಕಿಸಿದರು. ವಿಳಾಸ ನನ್ನ ಪ್ರೆಸ್ಸಿನದು.

“ಕಾಗದ ಬಂದ್ರೆ ನನ್ನ ಕೈಗೇ ಕೊಡಿ ಮಾಮ,” ಎಂದಿದ್ದಳು.

ಕಾಗದ ಬಂತು. ಸೀಟು ಸಿಕ್ಕಿತ್ತು. ನನ್ನ ಬಾಯಿಗೆ ಬೀಗ ಎಲ್ಲಿಯದು? ನಂಬಿಕೆ ಇಲ್ಲದ ಅಪ್ಪ, ಖುಷಿಪಡುತ್ತಾನೆ ಎಂದುಕೊಂಡು ನೇರ ಅವನ ಕೈಗೇ ಕೊಟ್ಟೆ. ಅವನು ಓದಿದ. ಎರಡು ಸಲ ಓದಿದ. ಮುಖದಲ್ಲಿ ಸಂತೋಷ ಬಂದದ್ದನ್ನು ನಾನು ನೋಡಿದ್ದೇನೆ. ಆಮೇಲೆ ಅದನ್ನು ಮಡಚಿ, “ಬಂದಿಲ್ಲ ಅನ್ನು ಪ್ರೆಸ್ಸಣ್ಣ, ನಿನ್ನ ದಮ್ಮಯ್ಯ,” ಎಂದ.

ಅವರ ಮನೆ ವಿಷಯ ನನಗೇಕೆ ಎಂದುಕೊಂಡೆ. ಹುಡುಗಿ ದಿನವೂ ಬಂದು ಕೇಳಿದಳು. ದಿನವೂ ನಾನು “ಇಲ್ಲಮ್ಮ” ಎಂದೆ. ಸೇರುವ ದಿನ ಕಳೆದ ಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಅಪ್ಪನ ಪಕ್ಕದಲ್ಲಿ ಮಣೆ ಹಾಕಿಕೊಂಡು ಪುಸ್ತಕ ಹೊಲಿಯಲು ಕೂತಳು. ಹದಿನೇಳು ವರ್ಷ ಕೂತಳು. ನಡುವೆ ತಾಯಿ ತೀರಿಕೊಂಡರು. ಅಪ್ಪ, ಮಗಳು ಸಭೆಯಲ್ಲಿ ಒಂದೇ ಪುಸ್ತಕ ಹಿಡಿದು ಹಾಡುತ್ತಾರೆ ಎಂದು ಕೇಳಿದ್ದೆ.

ಈ ವರ್ಷ ಹೊಸ ಚೀಟಿ ಬಂತು. ‘ಉನ್ನತ ವ್ಯಾಸಂಗವು ಅವರವರ ಮನಸ್ಸಾಕ್ಷಿಗೆ ಬಿಟ್ಟ ವಿಷಯ.’ ಅಷ್ಟೇ, ಒಂದು ಸಾಲು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಚ್ಚಿನ ಮೊಳೆ ಜೋಡಿಸುವಾಗ ಆ ಒಂದು ಸಾಲಿಗೆ ಮೂರು ಸಲ ತಪ್ಪು ಮೊಳೆ ಇಟ್ಟೆ. ವಯಸ್ಸಾಯಿತು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಭಾನುವಾರ ಸಭೆಯಲ್ಲಿ ಅದನ್ನು ಓದಿದರಂತೆ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲವಂತೆ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ ಎಂದು ಗೋಂದಣ್ಣನೇ ಸೋಮವಾರ ನನ್ನ ಬಳಿ ಹೇಳಿದ.

“ಆ ಕಾಗದ ಏನು ಮಾಡಿದೆ?” ಎಂದೆ.

“ಸುಡೋಕೆ ಕೈ ಬರ್ಲಿಲ್ಲ. ನನ್ನ ಪುಸ್ತಕದ ಮುಂದಿನ ರಟ್ಟಿದೆಯಲ್ಲ, ಎರಡು ತೆಳು ರಟ್ಟು ಸೇರಿಸಿ ಅಂಟಿಸಿದ್ದು. ಅದ್ರ ಮಧ್ಯ ಇದೆ. ಹದಿನೇಳು ವರ್ಷದಿಂದ ಅವಳ ಕೈಲೇ ಹಿಡಿಸಿ ಹಾಡ್ತಿದ್ದೀನಿ.”

ನನಗೆ ಮೈಯೆಲ್ಲ ಉರಿಯಿತು. “ಹೇಳಿಬಿಡು ಅವಳಿಗೆ. ನಂಬಿ ಮಾಡಿದೆ ಅನ್ನು.”

“ಉಳಿದ ಅಪ್ಪಂದಿರೆಲ್ಲ ಹಾಗೇ ಹೇಳ್ತಿದ್ದಾರೆ. ಅವರು ನಿಜವಾಗ್ಲೂ ನಂಬಿದ್ರು. ನಾನು?” ಎಂದು ಎದ್ದು ಹೋದ.

ಮರುದಿನ ಮಧ್ಯಾಹ್ನ ಮಗಳು ಒಂದೊಂದೇ ಪುಸ್ತಕ ಬಿಚ್ಚಿ ಚೀಟಿ ಅಂಟಿಸುತ್ತಿದ್ದಳು. ನಾನು ಯಂತ್ರ ನಿಲ್ಲಿಸಿ ಊಟದ ಡಬ್ಬಿ ತೆಗೆದಿದ್ದೆ. ಗೋಡೆಯಾಚೆ ಗೋಂದಣ್ಣನ ದನಿ ಕೇಳಿತು.

“ನನ್ನ ಪುಸ್ತಕಕ್ಕೆ ಚೀಟಿ ಬೇಡ. ಅದರ ಮುಂದಿನ ರಟ್ಟು ಸೀಳು.”

“ಗಟ್ಟಿಯಾಗೇ ಇದೆಯಲ್ಲಪ್ಪ.”

“ಸೀಳಮ್ಮ.”

ಚಾಕು ರಟ್ಟಿನಲ್ಲಿ ಇಳಿಯುವ ಸದ್ದು. ಆಮೇಲೆ ಅಂಟು ಹಿಡಿದ ಕಾಗದವನ್ನು ಮೆಲ್ಲಗೆ ಬಿಡಿಸುವ ಸದ್ದು. ನನ್ನ ಬಾಯಲ್ಲಿದ್ದ ತುತ್ತು ಹಾಗೇ ಇತ್ತು.

“ಅಪ್ಪ, ಒಂದೇ ಮಾತು ಕೇಳ್ತೀನಿ,” ಎಂದಳು. ದನಿ ಎತ್ತರವಾಗಿರಲಿಲ್ಲ. “ದೇವರು ಬೇಡ ಅಂತಾನೆ ಅಂತ ನಂಬಿ ಇದನ್ನ ಮುಚ್ಚಿಟ್ಟೆಯಾ?”

ಹೌದು ಅಂದುಬಿಡೋ ಮಾರಾಯ, ಎಂದು ನಾನು ಈಚೆಯಿಂದ ಬೇಡಿಕೊಂಡೆ. ಹೌದು ಎಂದಿದ್ದರೆ ಅವಳು ಕ್ಷಮಿಸುತ್ತಿದ್ದಳು, ಅವಳು ಅಂಥವಳು.

“ಇಲ್ಲಮ್ಮ. ನಂಬಿಕೆ ಆಗಲೇ ಹೋಗಿತ್ತು.”

“ಮತ್ತೆ?”

“ನೀನು ಹೋದ್ರೆ ಹಿರಿಯರು ನನ್ನ ಕರೆದು ಕೇಳ್ತಿದ್ರು. ಏನು ನಂಬ್ತೀಯ ಅಂತ ಕೇಳ್ತಿದ್ರು. ಹೆದರಿಕೊಂಡೆ. ನಿನ್ನ ಓದು ಕೊಟ್ಟು ನನ್ನ ಜಾಗ ಉಳಿಸ್ಕೊಂಡೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಟ್ಟು ಕತ್ತರಿಸುವ, ಬಟ್ಟೆ ಎಳೆಯುವ ಸದ್ದು ಕೇಳಿತು. ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಅಪ್ಪನ ಮುಂದಿಟ್ಟಳು.

“ತಗೋ. ಭಾನುವಾರ ಬೇಕಾಗುತ್ತಲ್ಲ ನಿಂಗೆ.”

ಭಾನುವಾರ ಗೋಂದಣ್ಣ ಒಬ್ಬನೇ ಹೋದ. ಹೋಗದೆ ಇರುತ್ತಾನೆ ಎಂದುಕೊಂಡಿದ್ದೆ, ಹೋದ. ಪಕ್ಕದ ಕುರ್ಚಿಯ ಮೇಲೆ ಎಂದಿನಂತೆ ಚೀಲವಿಟ್ಟು ಅವಳಿಗಾಗಿ ಜಾಗ ಹಿಡಿದನಂತೆ. ಹಾಡು ಮುಗಿಯುವವರೆಗೂ ಚೀಲ ಅಲ್ಲೇ ಇತ್ತಂತೆ.

ಸೋಮವಾರ ಬೆಳಿಗ್ಗೆ ಅವಳು ನನ್ನ ಪ್ರೆಸ್ಸಿಗೆ ಬಂದಳು. ಅಂಟು ಕುಡಿದು ಹಪ್ಪಳದಂತೆ ಗಡುಸಾದ ಆ ಕಾಗದವನ್ನು ಯಂತ್ರದ ಮೇಲೆ ಹರಡಿದಳು. ಮೂಲೆಯಲ್ಲಿ ನನ್ನ ಪ್ರೆಸ್ಸಿನ ವಿಳಾಸ ಇನ್ನೂ ಸ್ಪಷ್ಟವಾಗಿತ್ತು. ನಾನು ಹದಿನೇಳು ವರ್ಷ ಕೂಡಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಲು ಹೊರಟೆ. ಅವಳು ಕೈ ಎತ್ತಿ ತಡೆದಳು.

“ಅಪ್ಪನಿಗೆ ಸಭೆಯವರ ಭಯ ಇತ್ತು. ನೀವು ಯಾವ ಸಭೆಗೂ ಹೋಗೋರಲ್ಲ ಮಾಮ. ನಿಮಗೆ ಯಾರ ಭಯ ಇತ್ತು?”

ಅವಳು ಉತ್ತರಕ್ಕಾಗಿ ಕಾದು ನಿಂತಳು. ನಾನು ಕಾಗದದ ಮೂಲೆಯ ನನ್ನದೇ ವಿಳಾಸವನ್ನು ಓದಿದೆ, ಎರಡು ಸಲ ಓದಿದೆ.