ಚಾಪೆಯ ಕೆಳಗೆ ಅಪರಾಧಶಾಸ್ತ್ರ

ಮೊಯಾತಾಳಿಗೆ ನಲವತ್ತೊಂಬತ್ತು ವರ್ಷ. ಆಪಿಯಾ ಪಟ್ಟಣದ ಮಾರುಕಟ್ಟೆಯಲ್ಲಿ ಪಾನಿಕೆಕೆ ಎಂಬ ಸಿಹಿ ಬೋಂಡಾ ಕರಿದು ಮಾರುತ್ತಲೇ ಆರು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದಳು. ಈ ವಯಸ್ಸಿನಲ್ಲಿ ಅದೇ ಯಾಕೆ ಎಂದವರಿಗೆ, “ಕಚ್ಚಾ ಮಾಲು ಮನೇಲೇ ಬಿದ್ದಿದೆ, ಸುಮ್ನೆ ಯಾಕೆ ಹಾಳು ಮಾಡ್ಲಿ?” ಎನ್ನುತ್ತಿದ್ದಳು. ಕಚ್ಚಾ ಮಾಲು ಎಂದರೆ ಅವಳ ತಮ್ಮ ಸೆಲೆಪಾ.

ಆ ಮಹಾನುಭಾವ, ಅಕ್ಕನ ಕೊನೆಯ ಪರೀಕ್ಷೆಗೆ ಮೂರು ದಿನವಿದೆ ಅನ್ನುವಾಗ, ಕುಡಿದು ಗಾಡಿ ಓಡಿಸಿ ಫಿಯಾಸಿಲಿ ಎಂಬ ಮುದುಕಿಯ ಕಾಲು ಮುರಿದ. ಊರಲ್ಲಿ ಅಷ್ಟು ಕಾಲುಗಳಿರುವಾಗ ಅವನಿಗೆ ಸಿಕ್ಕಿದ್ದು ಪೆನಿ ಮೇಷ್ಟ್ರ ತಾಯಿಯ ಕಾಲು. ಪೆನಿ ಪಾಠ ಮಾಡುತ್ತಿದ್ದುದು ಮೊಯಾತಾಳ ತರಗತಿಗೇ.

ಮನೆತನದ ಯಜಮಾನಿಕೆ ಮೊಯಾತಾಳದು, ಹಾಗಾಗಿ ಇಫೋಗಾ, ಅಂದರೆ ಮನೆತನದ ಪರವಾಗಿ ಕ್ಷಮೆ ಬೇಡುವ ಶಾಸ್ತ್ರ, ಅವಳ ತಲೆಗೇ ಬಂತು. ಬೆಳಗಾಗುವ ಮುಂಚೆ ನೊಂದವರ ಅಂಗಳದಲ್ಲಿ ಮನೆಯ ಅತಿ ನಯವಾದ ಚಾಪೆ ಹೊದ್ದು, ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಸೆಲೆಪಾ ಊರು ಬಿಡಬೇಕು.

ಇದರ ಮೇಲೆಯೇ ಅವಳು ಹನ್ನೆರಡು ಪುಟದ ಪ್ರಬಂಧ ಬರೆದಿದ್ದಳು. ‘ಚಾಪೆ ಎತ್ತಿದ ಕ್ಷಣವೇ ನೊಂದವರ ಮನಸ್ಸು ಹಗುರಾಗುತ್ತದೆ’ ಎಂಬ ಸಾಲನ್ನು ಪೆನಿ ತರಗತಿಗೆಲ್ಲ ಓದಿ ಹೇಳಿ, ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿದ್ದ.

ಪರೀಕ್ಷೆಯ ದಿನ ನಸುಕಿನಲ್ಲೇ ಅಕ್ಕ, ತಮ್ಮ ಇಬ್ಬರೂ ಪೆನಿಯ ಮನೆಯಂಗಳದಲ್ಲಿ ಚಾಪೆ ಹೊದ್ದು ಕೂತರು. ಆರಾಯಿತು, ಏಳಾಯಿತು. ಒಳಗೆ ಗಂಡಸರ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ.

“ಅಕ್ಕಾ, ಕಾಲು ಜೋಮು ಹಿಡೀತು,” ಎಂದು ಸೆಲೆಪಾ ಪಿಸುಗುಟ್ಟಿದ.

“ಆಯಮ್ಮಂದು ಮುರಿದೇ ಹೋಗಿದೆ. ಮುಚ್ಕೊಂಡು ಕೂತ್ಕೋ.”

ಎಂಟಕ್ಕೆ ಪೆನಿ ಮತ್ತು ಅವನ ಚಿಕ್ಕಪ್ಪಂದಿರು ಬಂದು ಚಾಪೆ ಎತ್ತಿದರು. ಪೆನಿ ಕ್ಷಮೆಯ ಬಗ್ಗೆ ಒಂದು ಭಾಷಣವನ್ನೂ ಬಿಗಿದ. ಎಲ್ಲರ ಕೈಗೂ ಬಿಸಿ ಕೋಕೋ ಬಂತು. ಸೆಲೆಪಾ ಗೊಳೋ ಎಂದು ಅತ್ತ. ಮೊಯಾತಾಳಿಗೂ ಹೋದ ಜೀವ ಬಂದಂತಾಯಿತು.

“ಬನ್ನಿ, ನನ್ನ ಕಾರಲ್ಲೇ ಹೋಗೋಣ. ಒಂಬತ್ತಕ್ಕೆ ಪರೀಕ್ಷೆ,” ಎಂದ ಪೆನಿ.

ಆಗ ಒಳಕೋಣೆಯ ಕಿಟಕಿಯಿಂದ ಫಿಯಾಸಿಲಿಯ ದನಿ ಬಂತು. “ಯಾವನೋ ಅವನು ಕ್ಷಮಿಸಿದ್ದು? ಮುರಿದಿದ್ದು ಅವನ ಕಾಲಾ?”

ಗಂಡಸರೆಲ್ಲ ಕೋಕೋ ಲೋಟದೊಳಗೆ ಮುಖ ಹುದುಗಿಸಿದರು. “ಅಮ್ಮಂಗೆ ಮಾತ್ರೆ ಮಂಪರು,” ಎಂದ ಪೆನಿ, ಕಾರಿನ ಬಾಗಿಲು ತೆಗೆಯುತ್ತಾ.

ಮೊಯಾತಾಳಿಗೆ ನಾಚಿಕೆಯಾಯಿತು. ಹನ್ನೆರಡು ಪುಟ ಬರೆದವಳಿಗೆ ಇಂಥ ಮುದುಕಿಯೊಬ್ಬಳು ಒಳಗಿರಬಹುದೆಂದು ಒಂದು ಸಾಲಿನಲ್ಲೂ ಹೊಳೆದಿರಲಿಲ್ಲ.

“ನೀವು ಹೋಗಿ ಮೇಷ್ಟ್ರೇ,” ಎಂದಳು.

“ತಲೆ ಕೆಟ್ಟಿದೆಯಾ? ಇದು ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕು.”

“ಗೊತ್ತು. ಆ ಪ್ರಬಂಧಕ್ಕೆ ನೀವು ಕೊಟ್ಟ ಅಂಕ ಜಾಸ್ತಿಯಾಯ್ತು.”

ಕಾರು ಹೋಯಿತು. ಅವಳು ಚಾಪೆಯಿಲ್ಲದೆ ಕಿಟಕಿಯ ಕೆಳಗೆ ಹೋಗಿ ಮಂಡಿಯೂರಿದಳು.

“ಅಲ್ಲೇ ಕೂತು ಏನು ಕಡಿದು ಕಟ್ಟೆ ಹಾಕ್ತೀಯ?” ಎಂದಳು ಮುದುಕಿ ಕೊನೆಗೆ. “ಬೆನ್ನು ತುರಿಸ್ತಿದೆ, ತಿರುಗೋಕಾಗ್ತಿಲ್ಲ. ಒಳಗೆ ಬಾ.”

ಒಂಬತ್ತು ಗಂಟೆಗೆ, ಪಟ್ಟಣದಲ್ಲಿ ಪೆನಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ, ಮೊಯಾತಾ ಮುದುಕಿಯ ಬೆನ್ನು ತುರಿಸುತ್ತಿದ್ದಳು.

“ಕ್ಷಮಿಸ್ಬಿಟ್ಟೆ ಅಂದ್ಕೋಬೇಡ,” ಎಂದಳು ಫಿಯಾಸಿಲಿ.

“ಇಲ್ಲ ದೊಡ್ಡಮ್ಮ.”

“ಇನ್ನೂ ಸ್ವಲ್ಪ ಕೆಳಗೆ.”