ಎಲ್ಲ ಹೇಳಿ ಮಗಳನ್ನು ಕೊಟ್ಟ ಅತ್ತೆ

ನಮ್ಮ ಅತ್ತೆಯ ಕೈಯಲ್ಲಿ ಗಾಜಿನ ಬಳೆ ಇರುತ್ತಿರಲಿಲ್ಲ. ಮುತ್ತೈದೆಯಾದರೂ ಎರಡೂ ಮುಂಗೈಗೆ ಒಂದೊಂದು ಬೆಳ್ಳಿ ಬಳೆ, ಅಷ್ಟೇ. ಇಳಕಲ್ಲಿನ ಆ ಓಣಿಯ ಹೆಂಗಸರು ಇದನ್ನು ಆಡಿಕೊಳ್ಳುತ್ತಿದ್ದರು. ಅತ್ತೆ ಮಾತ್ರ, "ಇವರ ಕೈ ಬಡದು ಒಡೀತಾವು, ಚೂರು ಇವರಿಗೇ ಚುಚ್ಚತಾವು. ಬೆಳ್ಳೀವು ಚಲೋ ಬಿಡ್ರಿ" ಎಂದು ರೊಟ್ಟಿ ಬಡಿಯಲು ಕೂರುತ್ತಿದ್ದರು.

"ಇವರು" ಅಂದರೆ ನನ್ನ ಮಾವ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನಲವತ್ತು ದಾಟುವ ಮೊದಲೇ ಅವರ ಕೈಕಾಲು ಅವರ ಮಾತು ಕೇಳದಾದವು. ಸುಮ್ಮನೆ ಕೂತಾಗಲೂ ಭುಜ ಕುಣಿಯುವುದು, ಕತ್ತು ಹೊರಳುವುದು, ನಡೆದರೆ ತೂರಾಡುವುದು. ಕುಡಿಯುತ್ತಾರೆಂದು ಊರು ಮಾತಾಡಿತು. ನೌಕರಿ ಬಿಟ್ಟರು. ಮಾವನ ತಾಯಿಗೂ ಇದೇ ಬೇನೆ ಇತ್ತೆಂದು ಅತ್ತೆಗೆ ತಿಳಿದದ್ದೇ ಆಗ.

ನಾನು ಅವರಿಬ್ಬರನ್ನೂ ಮೊದಲು ಕಂಡದ್ದು ಎಪ್ಪತ್ತರ ದಶಕದ ಕೊನೆಗೆ, ಹೆಣ್ಣು ನೋಡಲು ಹೋದಾಗ. ನಾನಾಗ ಹುನಗುಂದದಲ್ಲಿ ಹೈಸ್ಕೂಲು ಶಿಕ್ಷಕ. ಅಪ್ಪನೂ ನಾನೂ ಪಡಸಾಲೆಯಲ್ಲಿ ಕೂತಿದ್ದೆವು. ಹುಡುಗಿಯ ಕಾಕಾ, "ನಮ್ಮ ಅಣ್ಣ ಬಾದಾಮಿಗೆ ಹೋಗ್ಯಾನ್ರಿ" ಎಂದಿದ್ದರು. ಹುಡುಗಿ ಚಹಾ ಕೊಟ್ಟಳು. ಅಷ್ಟರಲ್ಲಿ ಅತ್ತೆ ಒಳಕೋಣೆಯಿಂದ ಮಾವನ ಕೈ ಹಿಡಿದು ಕರೆತಂದು ನಮ್ಮೆದುರು ಕೂರಿಸಿದರು.

"ಇವರು ನಮ್ಮ ಯಜಮಾನ್ರು. ಎಲ್ಲೂ ಹೋಗಿಲ್ಲ, ಇಲ್ಲೇ ಅದಾರ. ಇದು ಮನಿತನದ ಬ್ಯಾನಿ ಅಂತ ಹುಬ್ಬಳ್ಳಿ ದವಾಖಾನ್ಯಾಗ ಹೇಳ್ಯಾರ. ಮಗಳಿಗೆ ಬಂದ್ರ ಬಂತು, ಇಲ್ಲಂದ್ರ ಇಲ್ಲ. ನನಗ ಹೇಳದ ಮಾಡಿಕೊಂಡ್ರು. ನಾ ಹೇಳದ ಕೊಡಾಂಗಿಲ್ಲ."

ಕಾಕಾನ ಮುಖ ಕೆಂಪಾಯಿತು. ಅಪ್ಪ ಚಹಾದ ಕಪ್ಪು ಕೆಳಗಿಟ್ಟು ಎದ್ದರು. ನಾನು ಏಳುವಾಗ ಹುಡುಗಿ ತಂದೆಯ ಗಲ್ಲಕ್ಕೆ ಇಳಿದ ಜೊಲ್ಲನ್ನು ಸೆರಗಿನಿಂದ ಒರೆಸುತ್ತಿದ್ದಳು. ನಮ್ಮ ಕಡೆ ನೋಡಲೂ ಇಲ್ಲ.

ಮುಂದಿನ ರವಿವಾರ ಒಬ್ಬನೇ ಬಸ್ಸು ಹತ್ತಿ ಹೋದೆ. ಅತ್ತೆ ಹಿಗ್ಗಲಿಲ್ಲ. "ಕನಿಕರಕ್ಕ ಬಂದಿದ್ರ ಹೊಳ್ಳಿ ಹೋಗ್ರಿ. ಕನಿಕರ ಭಾಳ ದಿನ ಬಾಳಾಂಗಿಲ್ಲ" ಎಂದರು. ನಾನು ಕದಲದ್ದನ್ನು ಕಂಡು ಹಾಲಲ್ಲಿ ನೆನೆಸಿದ ರೊಟ್ಟಿಯ ಬಟ್ಟಲು ಕೈಗೆ ಕೊಟ್ಟು, "ಹಂಗಾರ ಇವರಿಗೆ ಉಣಿಸ್ರಿ" ಎಂದರು. ಮೂರನೆಯ ತುತ್ತಿಗೇ ಮಾವನ ಕೈ ಬೀಸಿ ಬಟ್ಟಲೆಲ್ಲ ನನ್ನ ಅಂಗಿಯ ಮೇಲಾಯಿತು. ಮಾವನ ಕಣ್ಣಲ್ಲಿ ನೀರು. ನಾನು, "ಇರಲಿ ಬಿಡ್ರಿ, ನನಗೂ ಹಸಿವಿ ಆಗಿತ್ತು" ಎಂದೆ. ಅವರು ಗಂಟಲು ತುಂಬ ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತಂತೆ.

ಅತ್ತೆ ಮಗಳ ಕಡೆ ತಿರುಗಿ, "ಈಗ ನೀ ಕೇಳು" ಎಂದರು.

"ನನಗ ಬಂದ್ರ? ಅವ್ವನಂಗ ನೋಡ್ಕೊಳ್ಳಾಕ ಬರತೈತೇನು ನಿಮಗ?"

"ಬರಾಂಗಿಲ್ಲ. ಕಲೀತೇನಿ."

ಹಾಗೆ ಮದುವೆಯಾಯಿತು. ಅಪ್ಪ ಬಂದರು, ಆದರೆ ಊಟಕ್ಕೆ ನಿಲ್ಲಲಿಲ್ಲ.

ಕಲಿಸಿದವರು ಅತ್ತೆಯೇ, ರವಿವಾರ, ಸೂಟಿಗೆ ನಾವು ಇಳಕಲ್ಲಿಗೆ ಹೋದಾಗಲೆಲ್ಲ. ಬೆಳಿಗ್ಗೆ ಮಾವನಿಗೆ ವಿಭೂತಿ ಹಚ್ಚುವುದೇ ಒಂದು ಆಟ. ಹೊರಳುವ ಹಣೆಯನ್ನು ಮೂರು ಬೆರಳು ಬೆನ್ನಟ್ಟಬೇಕು. "ಒಂದ ಗಳಿಗಿ ನಿಲ್ರಿ ಮಾಸ್ತರ, ಮೂಗಿಗೆ ಹತ್ತೈತಿ!" ಎಂದು ಅತ್ತೆ ಗದರಿಸಿದರೆ ಮಾವ ಬೇಕೆಂದೇ ಇನ್ನಷ್ಟು ತಲೆ ಅಲುಗಿಸುತ್ತಿದ್ದರು. ಕೆಲವು ದಿನ ಮಾವನಿಗೆ ವಿಪರೀತ ಸಿಟ್ಟು, ಬೈಯುತ್ತ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಆಗ ಅತ್ತೆ ನನ್ನನ್ನು ಹೊರಗೆ ಕರೆದು, "ಬೈಯೋದು ಬ್ಯಾನಿ, ಅವರಲ್ಲ. ಇದನ್ನ ದಿನಾ ಹೊಸದಾಗಿ ನೆನಪ ಮಾಡ್ಕೋಬೇಕು. ನಾನೂ ಮರೀತೇನಿ" ಎನ್ನುತ್ತಿದ್ದರು.

ನಮಗೆ ಮಕ್ಕಳು ಬೇಡವೆಂದು ನಾವಿಬ್ಬರೂ ನಿರ್ಧರಿಸಿದಾಗ ಬಳಗದವರು ಅತ್ತೆಯನ್ನೇ ಹಿಡಿದು ಕೇಳಿದರು. "ಅವರ ಸಂಸಾರ, ಅವರ ವಿಚಾರ. ನೀವು ಉಪ್ಪಿಟ್ಟು ತಿನ್ರಿ" ಎಂದು ಅತ್ತೆ ತಟ್ಟೆ ಮುಂದಿಟ್ಟರು.

ಎಂಬತ್ತರ ದಶಕದ ಆರಂಭದಲ್ಲಿ ಮಾವ ತೀರಿಕೊಂಡ ಮೇಲೆ ಅತ್ತೆ ಹುನಗುಂದಕ್ಕೆ ನಮ್ಮ ಮನೆಗೆ ಬಂದರು. ಮಗಳು ಅಕ್ಕಿ ಆರಿಸುತ್ತಿದ್ದರೆ ಅವರ ಕಣ್ಣು ಅವಳ ಬೆರಳ ಮೇಲೆ. ಒಮ್ಮೆ ಅವಳ ಕೈಯಿಂದ ತಂಬಿಗೆ ಜಾರಿ ಬಿತ್ತು. ಅತ್ತೆ ಗೋಡೆ ಹಿಡಿದು ನಿಂತರು. "ಅವ್ವಾ, ಕೈ ಎಣ್ಣಿ ಆಗಿತ್ತ" ಎಂದಳು ಇವಳು. "ಎಣ್ಣಿ ಕೈಲೆ ತಂಬಿಗಿ ಯಾಕ ಮುಟ್ಟತಿ?" ಎಂದು ಅತ್ತೆ ಬೈಯತೊಡಗಿದವರು ಸಂಜೆಯವರೆಗೂ ನಿಲ್ಲಿಸಲಿಲ್ಲ. ಅಷ್ಟು ಹೆದರಿದ್ದರು. ಹೆದರಿಕೆ ಎಂಬ ಶಬ್ದವನ್ನು ಮಾತ್ರ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುವ ಮುಂಚೆ, ಒಂದು ವಾರದ ಜ್ವರದಲ್ಲಿ ಅತ್ತೆ ಹೋದರು. ಮಗಳ ಕೈ ಆಗಿನ್ನೂ ಗಟ್ಟಿಯಾಗಿತ್ತು. ಅದೊಂದು ಸಮಾಧಾನ ಅವರಿಗೆ ಸಿಕ್ಕಿತು.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಬಲಗೈ ಬೆರಳು ತಾವ ಅಲಗ್ಯಾಡಾಕ ಹತ್ಯಾವು. ಮುಂಜಾನಿಂದ ನೋಡಾಕತ್ತೇನಿ" ಎಂದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕಿದೆವು. ಆಮೇಲೆ ಅವಳೇ ಎದ್ದು ಚಹಾಕ್ಕೆ ಇಟ್ಟಳು.

ಆ ಬೆರಳುಗಳನ್ನು ಅವಳು ನನ್ನಿಂದ ಒಂದು ದಿನವೂ ಸೆರಗಿನೊಳಗೆ ಅಡಗಿಸಬೇಕಾಗಲಿಲ್ಲ. ನಮ್ಮಿಬ್ಬರಿಗೂ ಅತ್ತೆ ಕೊಟ್ಟುಹೋದದ್ದು ಅದು.